ಗಿರಣಿಯೊಳಗೆ ಹೋದ ಹಳಿಗೆ ಕಾಗದದ ಸಾಕ್ಷಿ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹಳೆಯ ಗಿರಣಿ, ಕಾರ್ಖಾನೆಗಳ ಬಗ್ಗೆ ಬರೆಯುವವರು ಒಂದು ಮಾತನ್ನು ಮರೆಯದೆ ಸೇರಿಸುತ್ತಾರೆ: ‘ಆಗ ಗೂಡ್ಸ್ ಗಾಡಿ ನೇರವಾಗಿ ಕಾರ್ಖಾನೆಯೊಳಕ್ಕೇ ಬರುತ್ತಿತ್ತು.’ ಕೆಲವು ಕಡೆ ಇದು ನಿಜ. ಇನ್ನು ಕೆಲವು ಕಡೆ ಮಾಲು ಇಳಿಯುತ್ತಿದ್ದುದು ಸ್ಟೇಷನ್ನಿನ ಗೂಡ್ಸ್‌ಶೆಡ್ಡಿನಲ್ಲಿ, ಅಲ್ಲಿಂದ ಗಿರಣಿಗೆ ಬರುತ್ತಿದ್ದುದು ಎತ್ತಿನ ಗಾಡಿಯಲ್ಲಿ. ಮೆಜೆಸ್ಟಿಕ್ ಬಳಿಯ ಟಿಸಿಎಂ ರಾಯನ್ ರಸ್ತೆಯನ್ನು ಹಳಬರು ಇಂದಿಗೂ ಗೂಡ್ಸ್‌ಶೆಡ್ ರೋಡ್ ಎನ್ನುವುದು ಸುಮ್ಮನೆ ಅಲ್ಲ. ಸೈಡಿಂಗ್, ಅಂದರೆ ಮುಖ್ಯಮಾರ್ಗದಿಂದ ಕವಲೊಡೆದು ಕಾರ್ಖಾನೆಯೊಳಕ್ಕೆ ಹೋಗುವ ಹಳಿ, ಇತ್ತೋ ಇಲ್ಲವೋ ಎಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ ಹಮಾಲರು ಎಲ್ಲಿ ನೆಲೆಸಿದರು, ಗೋದಾಮುಗಳು ಎಲ್ಲಿ ಎದ್ದವು, ಯಾವ ರಸ್ತೆ ಅಗಲವಾಯಿತು ಎಂಬುದಕ್ಕೆಲ್ಲ ಉತ್ತರ ಅದರಲ್ಲಿದೆ. ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲ್ ಬಂದಿದೆ. ಕಟ್ಟಡ ಹೋದ ಮೇಲೆ ಉಳಿಯುವುದು ಕಾಗದ ಮಾತ್ರ. ಆ ಕಾಗದ ಯಾವುದು, ಎಲ್ಲಿರುತ್ತದೆ, ಅದನ್ನು ಓದುವಾಗ ಎಲ್ಲಿ ಎಡವುತ್ತೇವೆ ಎಂಬುದನ್ನು ಈ ವಿಷಯದಲ್ಲಿ ಕೆಲಸ ಮಾಡಲು ಹೊರಟ ವಿದ್ಯಾರ್ಥಿಗಳಿಗೂ ಆಸಕ್ತರಿಗೂ ತಿಳಿಸಲು ಈ ಪತ್ರ.

ಮೊದಲು ಕೇಳಬೇಕಾದ್ದು ಯಾವ ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ ಎಷ್ಟು, ಎಂದು. ಬೆಂಗಳೂರು ಮೂರು ಗೇಜುಗಳ ಊರಾಗಿತ್ತು. ಮದರಾಸು ಕಡೆಯಿಂದ ಜೋಲಾರಪೇಟೆ ಮೂಲಕ ದಂಡಿಗೆ (ಕಂಟೋನ್ಮೆಂಟಿಗೆ) 1864ರಲ್ಲಿ ಬಂದದ್ದು 1,676 ಮಿ.ಮೀ.ನ ಬ್ರಾಡ್‌ಗೇಜ್. 1882ರಲ್ಲಿ ಮೈಸೂರಿನವರೆಗೆ ಮುಗಿದ ಮಾರ್ಗ, ಆಮೇಲೆ ಹರಿಹರ ಮತ್ತು ಗುಂತಕಲ್ ಕಡೆಗೆ ಹೋದ ಮಾರ್ಗಗಳು 1,000 ಮಿ.ಮೀ.ನ ಮೀಟರ್‌ಗೇಜ್. ಚಿಕ್ಕಬಳ್ಳಾಪುರದ ಕಡೆಗೆ 1915ರಲ್ಲಿ ತೆರೆದದ್ದು 762 ಮಿ.ಮೀ.ನ ನ್ಯಾರೋಗೇಜ್. ಹೀಗಾಗಿ ಮದರಾಸು ಬಂದರಿನಲ್ಲಿ ಇಳಿದ ಯಂತ್ರ ಬ್ರಾಡ್‌ಗೇಜ್ ಸೈಡಿಂಗ್ ಇದ್ದ ಕಾರ್ಖಾನೆಗೆ ಒಂದೇ ವ್ಯಾಗನ್ನಿನಲ್ಲಿ ಬರಬಹುದಿತ್ತು. ಅದೇ ಕಾರ್ಖಾನೆಗೆ ದಾವಣಗೆರೆ, ಹುಬ್ಬಳ್ಳಿ ಕಡೆಯ ಹತ್ತಿ ಬೇಕೆಂದರೆ ನಡುವೆ ಒಮ್ಮೆ ಮಾಲು ಬದಲಾಯಿಸಲೇಬೇಕು. ಒಂದು ಕಟ್ಟೆ, ಅದರ ಒಂದು ಬದಿಗೆ ಮೀಟರ್‌ಗೇಜ್ ವ್ಯಾಗನ್, ಇನ್ನೊಂದು ಬದಿಗೆ ಬ್ರಾಡ್‌ಗೇಜ್ ವ್ಯಾಗನ್, ನಡುವೆ ಹಮಾಲರ ಬೆನ್ನು. ಕೊಕ್ಕೆ ಹಾಕಿ ಎಳೆದಾಗ ಹತ್ತಿ ಬೇಲಿನ (ಒತ್ತಿ ಕಟ್ಟಿದ ಮೂಟೆಯ) ಹೊದಿಕೆ ಹರಿಯುವುದು, ಎಣಿಕೆಯಲ್ಲಿ ಒಂದೆರಡು ಕಡಿಮೆ ಬೀಳುವುದು, ಮಳೆಗೆ ನೆನೆಯುವುದು ಎಲ್ಲ ನಡೆಯುತ್ತಿದ್ದುದು ಇಲ್ಲೇ. ಪರಿಹಾರ ಕೇಳಿ ಬರೆದ ಹಳೆಯ ಅರ್ಜಿಗಳಲ್ಲಿ ಈ ಕಟ್ಟೆಯ ಹೆಸರು ಕಂಡರೆ ಆ ಮಾಲು ಯಾವ ಗೇಜಿನಿಂದ ಯಾವ ಗೇಜಿಗೆ ದಾಟಿತೆಂದು ತಿಳಿಯುತ್ತದೆ.

ಎರಡನೆಯದು, ಕಡತ ಯಾರ ಬಳಿ ಹುಟ್ಟಿತು ಎಂಬುದು. ಇಲ್ಲಿ ಬಹಳ ಜನ ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ. ಬೆಂಗಳೂರು ರೈಲ್ವೆ ವಿಭಾಗ ಹುಟ್ಟಿದ್ದು 1981ರಲ್ಲಿ, ಹುಬ್ಬಳ್ಳಿ ಕೇಂದ್ರವಾದ ನೈಋತ್ಯ ರೈಲ್ವೆ ಶುರುವಾದದ್ದು 2003ರಲ್ಲಿ. 1965ರ ಒಪ್ಪಂದವನ್ನು ಬೆಂಗಳೂರು ವಿಭಾಗದಲ್ಲಿ ಕೇಳಿದರೆ ‘ಲಭ್ಯವಿಲ್ಲ’ ಎಂಬ ಉತ್ತರ ಬರುವುದು ಸಹಜ. ದಕ್ಷಿಣ ರೈಲ್ವೆ ಹುಟ್ಟಿದ 1951ರ ಏಪ್ರಿಲ್ 14ರಿಂದ ಮುಂದಿನದಕ್ಕೆ ಚೆನ್ನೈನ ಆ ರೈಲ್ವೆಯನ್ನೂ ಮೈಸೂರು ವಿಭಾಗವನ್ನೂ ಕೇಳಬೇಕು. ಅದಕ್ಕೆ ಹಿಂದಿನದು ಮದ್ರಾಸ್ ರೈಲ್ವೆ, ಸದರ್ನ್ ಮರಾಠ ರೈಲ್ವೆ, 1908ರಲ್ಲಿ ಇವು ಸೇರಿ ಆದ ಕಂಪನಿ, ಇನ್ನೊಂದು ಕಡೆ ಮೈಸೂರು ಸಂಸ್ಥಾನದ ಸ್ವಂತ ರೈಲ್ವೆ ಎಂದು ಹಂಚಿಹೋಗಿದೆ. ಕಂಪನಿಗಳ ಲಂಡನ್ ಕಚೇರಿಯ ಕಾಗದಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಸಂಸ್ಥಾನದ ರೈಲ್ವೆ ಪತ್ರವ್ಯವಹಾರಕ್ಕೆ ಕರ್ನಾಟಕ ರಾಜ್ಯ ಪತ್ರಾಗಾರವನ್ನು ಹಿಡಿಯಬೇಕು.

ಹುಡುಕುವಾಗ ಹಳೆಯ ಹೆಸರುಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಬಂಗಾರಪೇಟೆ ಅಂದಿನ ಕಾಗದದಲ್ಲಿ ಬೌರಿಂಗ್‌ಪೇಟೆ. ಭದ್ರಾವತಿ ಬೆಂಕಿಪುರ. ರಾಮನಗರ ಕ್ಲೋಸ್‌ಪೇಟೆ. ಪಾಂಡವಪುರ ಫ್ರೆಂಚ್ ರಾಕ್ಸ್. ಸೂಚಿಯಲ್ಲಿ ‘ಭದ್ರಾವತಿ’ ಸಿಗಲಿಲ್ಲವೆಂದು ಕಬ್ಬಿಣದ ಕಾರ್ಖಾನೆಯ ಆರಂಭದ ವರ್ಷಗಳ ಕಡತವೇ ಇಲ್ಲ ಎಂದುಕೊಂಡವರಿದ್ದಾರೆ.

ಇನ್ನು ಯಾವ ಕಾಗದ ಕೇಳಬೇಕು? ಒಂದು ಸೈಡಿಂಗಿನ ಕಾಗದ ರೈಲ್ವೆಯ ಮೂರು ಶಾಖೆಗಳಲ್ಲಿ ಬೇರೆ ಬೇರೆಯಾಗಿರುತ್ತದೆ. ವಾಣಿಜ್ಯ ಶಾಖೆಯಲ್ಲಿ ಒಪ್ಪಂದ ಮತ್ತು ಸೈಡಿಂಗ್ ಶುಲ್ಕದ (ಸ್ಟೇಷನ್ನಿನಿಂದ ಸೈಡಿಂಗಿಗೆ ವ್ಯಾಗನ್ ಮುಟ್ಟಿಸುವ ಶುಲ್ಕ) ಲೆಕ್ಕ. ಎಂಜಿನಿಯರಿಂಗ್ ಶಾಖೆಯಲ್ಲಿ ಹಳಿಯ ನಕ್ಷೆ, ಜಮೀನಿನ ನಕ್ಷೆ. ಆಪರೇಟಿಂಗ್ ಶಾಖೆಯಲ್ಲಿ ಸ್ಟೇಷನ್ ವರ್ಕಿಂಗ್ ರೂಲ್ಸ್ ಎಂಬ ಪುಸ್ತಿಕೆ. ಒಪ್ಪಂದದಲ್ಲಿ ಮೊದಲು ನೋಡಬೇಕಾದ್ದು ಅದು ‘ಪ್ರೈವೇಟ್’ ಸೈಡಿಂಗೋ ‘ಅಸಿಸ್ಟೆಡ್’ ಸೈಡಿಂಗೋ ಎಂದು. ಪ್ರೈವೇಟ್ ಆದರೆ ಖರ್ಚೆಲ್ಲ ಕಾರ್ಖಾನೆಯದು. ಅಸಿಸ್ಟೆಡ್ ಆದರೆ ಮುಂದೆ ಕಿತ್ತು ಬೇರೆಡೆ ಬಳಸಬಹುದಾದ ಹಳಿ, ಸ್ಲೀಪರು (ಹಳಿಯಡಿಯ ಅಡ್ಡತೊಲೆ) ಮುಂತಾದವು ರೈಲ್ವೆಯವು. ಮಣ್ಣಿನ ಕೆಲಸದಂಥ, ಮರಳಿ ಕೈಗೆ ಬಾರದ ಖರ್ಚು ಕಾರ್ಖಾನೆಯದು. ಕಾರ್ಖಾನೆ ಮುಚ್ಚಿದ ಮೇಲೆ ಒಂದು ಕಡೆ ಹಳಿ ಮಾಯವಾಗಿ ಇನ್ನೊಂದು ಕಡೆ ಹುಲ್ಲಿನಡಿ ಹಾಗೇ ಉಳಿದದ್ದು ಏಕೆಂಬುದಕ್ಕೆ ಹಲವು ಸಲ ಈ ಒಂದು ಪದವೇ ಉತ್ತರ.

ಸೈಡಿಂಗ್ ಶುಲ್ಕದ ಕಡತದಲ್ಲಿ ‘ಟ್ರಿಪ್ ಟ್ರಯಲ್’ ಹಾಳೆ ಇದ್ದರೆ ಅದನ್ನು ಬಿಡಬೇಡಿ. ಸ್ಟೇಷನ್ನಿನಿಂದ ಎಂಜಿನ್ ಹೊರಟು, ವ್ಯಾಗನ್ ಇಟ್ಟು, ಖಾಲಿಯಾದವನ್ನು ಎಳೆದುಕೊಂಡು ಮರಳಲು ಎಷ್ಟು ನಿಮಿಷ ಹಿಡಿಯಿತೆಂದು ರೈಲ್ವೆಯವರೂ ಕಾರ್ಖಾನೆಯವರೂ ಜೊತೆಗೂಡಿ ಅಳೆದ ಲೆಕ್ಕ ಅದು. ಗೇಟಿನಲ್ಲಿ ಕಾದದ್ದು, ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಜಾಗ) ತಿರುಗಿಸಿದ್ದು ಎಲ್ಲ ಅದರಲ್ಲಿ ಬರುತ್ತದೆ. ಒಂದು ದಿನದ ಕೆಲಸ ಹೇಗಿತ್ತೆಂದು ಇಷ್ಟು ಚೆನ್ನಾಗಿ ಹೇಳುವ ಕಾಗದ ಇನ್ನೊಂದಿಲ್ಲ.

ಅದಕ್ಕಿಂತಲೂ ಮುಖ್ಯವಾದದ್ದು ಸ್ಟೇಷನ್ ವರ್ಕಿಂಗ್ ರೂಲ್ಸ್. ಪ್ರತಿ ಸ್ಟೇಷನ್ನಿಗೂ ಒಂದು ಇರುತ್ತದೆ, ಜೊತೆಗೆ ಹಳಿಗಳ ರೇಖಾಚಿತ್ರ. ಆ ಸ್ಟೇಷನ್ನಿಗೆ ಸೇರಿದ ಸೈಡಿಂಗುಗಳು ಯಾವುವು, ಒಂದೊಂದರಲ್ಲಿ ಎಷ್ಟು ವ್ಯಾಗನ್ ನಿಲ್ಲುತ್ತವೆ, ಇಳಿಜಾರು ಎಷ್ಟು, ಪಾಯಿಂಟಿನ ಬೀಗದ ಕೈ ಯಾರ ಬಳಿ ಇರಬೇಕು, ಶಂಟಿಂಗ್ (ವ್ಯಾಗನ್‌ಗಳನ್ನು ಹಿಂದೆ ಮುಂದೆ ಸರಿಸಿ ಜಾಗಕ್ಕೆ ತರುವುದು) ಯಾರ ಹೊಣೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಸೈಡಿಂಗ್ ರಸ್ತೆ ದಾಟುತ್ತಿದ್ದರೆ ಗೇಟಿನ ವಿವರಕ್ಕೆ ಅನುಬಂಧ ‘ಎ’ ನೋಡಬೇಕು. ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದರಲ್ಲಿದ್ದ ಸೈಡಿಂಗ್ ಇನ್ನೊಂದರಲ್ಲಿ ಇಲ್ಲವಾಗಿರುವುದು ಕಣ್ಣಿಗೇ ಬೀಳುತ್ತದೆ. ಕೊನೆಯ ಗಾಡಿ ಯಾವಾಗ ಬಂತೆಂದು ನೆನಪಿನಿಂದ ಹೇಳುವ ವರ್ಷಕ್ಕಿಂತ ಇದನ್ನು ಹೆಚ್ಚು ನಂಬಬಹುದು.

ಮಾಹಿತಿ ಹಕ್ಕಿನಡಿ ಕೇಳುವವರು ‘ಸೈಡಿಂಗಿನ ಇತಿಹಾಸ ಕೊಡಿ’ ಎಂದು ಬರೆಯಬಾರದು. ಇತಿಹಾಸ ಬರೆದುಕೊಡುವುದು ಆ ಕಾಯ್ದೆಯ ಕೆಲಸವಲ್ಲ, ಇರುವ ದಾಖಲೆ ತೋರಿಸುವುದು ಮಾತ್ರ. ‘ಇಂಥ ಸ್ಟೇಷನ್ನಿನ ಇಂಥ ಸೈಡಿಂಗಿನ ಒಪ್ಪಂದದ ಪ್ರತಿ, ಮುಚ್ಚಿದ ಅಧಿಸೂಚನೆಯ ದಿನಾಂಕ, ಕೊನೆಯ ರೇಖಾಚಿತ್ರ, ಇವುಗಳ ಕಡತ ಪರಿಶೀಲನೆಗೆ ಅವಕಾಶ’ ಎಂದು ಬರೆಯಿರಿ. ಅರ್ಜಿಗೆ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಪ್ರತಿ ಕೇಳುವುದಕ್ಕಿಂತ ಪರಿಶೀಲನೆ ಕೇಳುವುದು ಜಾಣತನ. ಕಡತ ಕೈಗೆ ಬಂದಾಗಲೇ ಅದರಲ್ಲಿ ಏನೇನಿದೆ ಎಂದು ತಿಳಿಯುವುದು, ಮೊದಲ ಒಂದು ಗಂಟೆಗೆ ಶುಲ್ಕವೂ ಇಲ್ಲ.

ಕಾರ್ಖಾನೆಯ ಕಡೆ, ವ್ಯಾಪಾರಿಗಳ ಕಡೆ ಸಿಗುವುದು ರೈಲ್ವೆ ರಸೀದಿ. ಆರ್‌ಆರ್ ಎಂದರೆ ಎಲ್ಲರಿಗೂ ಗೊತ್ತು. ಎಲ್ಲಿಂದ, ಎಲ್ಲಿಗೆ, ಯಾವ ಮಾರ್ಗವಾಗಿ, ಕಳಿಸಿದವರು, ಪಡೆಯುವವರು, ವ್ಯಾಗನ್ ಸಂಖ್ಯೆ, ನಗಗಳ (ಮೂಟೆ, ಪೆಟ್ಟಿಗೆಗಳ) ಸಂಖ್ಯೆ, ತೂಕ, ಬಾಡಿಗೆ ಕಟ್ಟಿದೆಯೋ ಅಲ್ಲಿ ಕಟ್ಟಬೇಕೋ ಎಂಬುದೆಲ್ಲ ಒಂದೇ ಹಾಳೆಯಲ್ಲಿ. ಅದನ್ನು ತಿರುಗಿಸಿ ಹಿಂಬದಿ ನೋಡಿ. ಮಾಲಿನ ಒಡೆತನ ಈ ರಸೀದಿಯ ಜೊತೆಗೇ ಹೋಗುತ್ತಿದ್ದುದರಿಂದ ಹಣ ಕಟ್ಟಿ ಬ್ಯಾಂಕಿನಿಂದ ಬಿಡಿಸಿಕೊಳ್ಳುವ ಪದ್ಧತಿ ಇತ್ತು. ಬ್ಯಾಂಕಿನ ಮೊಹರು, ಹಿಂಬರಹ, ದಿನಾಂಕ ಅಲ್ಲೇ ಇರುತ್ತವೆ. ಬಾಡಿಗೆಯ ಜೊತೆ ಸೈಡಿಂಗ್ ಶುಲ್ಕ ಕಂಡರೆ ವ್ಯಾಗನ್ ಕಾರ್ಖಾನೆಯ ಹಳಿಗೆ ಹೋಯಿತೆಂದು ಅರ್ಥ. ವಾರ್ಫೇಜ್ ಕಂಡರೆ ಮಾಲು ರೈಲ್ವೆಯ ಗೂಡ್ಸ್‌ಶೆಡ್ಡಿನಲ್ಲಿ ಇಳಿದು ಅವಧಿ ಮೀರಿ ಬಿದ್ದಿತ್ತು. ಡೆಮರೇಜ್ ಎನ್ನುವುದು ವ್ಯಾಗನ್ನನ್ನು ತಡೆದಿಟ್ಟದ್ದಕ್ಕೆ; ಅದು ಎರಡೂ ಕಡೆ ಬರಬಹುದಾದ್ದರಿಂದ ಅದೊಂದರಿಂದ ಏನೂ ಸಾಬೀತಾಗದು. ಈ ಮೂರನ್ನು ಒಂದೇ ಎಂದುಕೊಂಡು ಬರೆದ ಲೇಖನಗಳಲ್ಲಿ ಇಲ್ಲದ ಸೈಡಿಂಗುಗಳು ಹುಟ್ಟಿಕೊಂಡಿವೆ.

ತೂಕದ ವಿಷಯದಲ್ಲಿ ಇನ್ನೂ ದೊಡ್ಡ ಗುಂಡಿ ಇದೆ. ಹಳೆಯ ರೈಲ್ವೆ ದರಗಳು ಮಣಕ್ಕೆ, ಮೈಲಿಗೆ ಇಷ್ಟು ಪೈ ಎಂದಿರುತ್ತವೆ. ಆ ಮಣ 82 ಪೌಂಡಿಗೆ ತುಸು ಹೆಚ್ಚು, ಅಂದರೆ 37.3 ಕೆ.ಜಿ. ಆದರೆ ಮದರಾಸಿನ ವ್ಯಾಪಾರದ ಮಣ 25 ಪೌಂಡು, ಅಂಥ 20 ಮಣಕ್ಕೆ ಒಂದು ಖಂಡಿ. ರೈಲ್ವೆ ಲೆಕ್ಕದ ಮಣವನ್ನೂ ಮಂಡಿಯ ಲೆಕ್ಕದ ಮಣವನ್ನೂ ಬೆರೆಸಿದರೆ ಸಾಗಣೆ ಮೂರು ಪಟ್ಟು ಏರುತ್ತದೆ ಅಥವಾ ಇಳಿಯುತ್ತದೆ. ಹತ್ತಿಯ ಬೇಲೂ ಹಾಗೇ: ಇಂದಿನ ಬೇಲು 170 ಕೆ.ಜಿ., ಹಳೆಯ ಅಂಕಿಅಂಶಗಳದು 392 ಪೌಂಡು, ಅಂದರೆ ಸುಮಾರು 178 ಕೆ.ಜಿ. ವರ್ಷವೂ ಒಂದೇ ಅಲ್ಲ. ಮೈಸೂರು ಸಂಸ್ಥಾನದ ಆಡಳಿತ ವರದಿ ಜುಲೈಯಿಂದ ಜೂನ್‌ವರೆಗಿನದು, ರೈಲ್ವೆಯದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಎರಡರ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಕೂರಿಸುವ ಮುನ್ನ ಇದನ್ನು ನೆನೆಯಬೇಕು.

ನಕ್ಷೆಗೆ ಬರೋಣ. ಸರ್ವೆ ಆಫ್ ಇಂಡಿಯಾದ ಹಾಳೆಗಳಲ್ಲಿ ಬೆಂಗಳೂರು 57ಜಿ/12 ಮತ್ತು 57ಎಚ್/9ರಲ್ಲಿ ಬರುತ್ತದೆ. 1:50,000 ಪ್ರಮಾಣದಲ್ಲಿ 150 ಮೀಟರಿನ ಸೈಡಿಂಗ್ ಕಾಗದದ ಮೇಲೆ 3 ಮಿ.ಮೀ. ಮಾತ್ರ. ಒತ್ತಾದ ಪೇಟೆಯ ನಡುವೆ ನಕ್ಷೆ ಬರೆಯುವವರು ಅಷ್ಟನ್ನು ಬಿಟ್ಟಿರಬಹುದು. ಆದ್ದರಿಂದ ನಕ್ಷೆಯಲ್ಲಿ ಕಂಡರೆ ಇತ್ತೆಂದು ಹೇಳಬಹುದೇ ಹೊರತು ಕಾಣದಿದ್ದರೆ ಇರಲಿಲ್ಲ ಎನ್ನಲಾಗದು. ಅಂಚಿನಲ್ಲಿರುವ ಪ್ರಕಟಣೆಯ ವರ್ಷವನ್ನಲ್ಲ, ಅಳತೆ ಮಾಡಿದ ವರ್ಷವನ್ನು ಬರೆದುಕೊಳ್ಳಿ. ಕಂದಾಯ ಇಲಾಖೆಯ ಗ್ರಾಮನಕ್ಷೆ, ಹಿಸ್ಸಾ ಟಿಪ್ಪಣಿ (ಸರ್ವೆ ನಂಬರಿನ ಭಾಗಗಳ ಅಳತೆ ಹಾಳೆ), ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ಪಟ್ಟಿ) ಇವುಗಳನ್ನೂ ನೋಡಬೇಕು. ಹೊಲಗಳ ಚೌಕಗಳ ನಡುವೆ ಬಾಗಿದ ಒಂದು ಸಣ್ಣ ಪಟ್ಟಿ ಬೇರೆ ನಂಬರಿನಲ್ಲಿ ಇದ್ದರೆ ಅದು ಕಾಲುವೆಯೋ ಹಳಿಯೋ ಎಂದು ವಿಚಾರಿಸತಕ್ಕದ್ದೇ. 1960ರಿಂದ 1972ರವರೆಗೆ ಅಮೆರಿಕದ ಕರೋನಾ ಉಪಗ್ರಹಗಳು ತೆಗೆದ ಚಿತ್ರಗಳು 1995ರಲ್ಲಿ ಬಹಿರಂಗವಾದವು. ಅವುಗಳಲ್ಲಿ ಹಳಿ ಕಾಣದಿದ್ದರೂ ಜಲ್ಲಿಯ ಪಟ್ಟಿಯ ಬಾಗು ಕಾಣುತ್ತದೆ.

ಆ ಬಾಗನ್ನು ಅಳೆಯುವುದು ಕಷ್ಟವಿಲ್ಲ. ಹಳಿ ಮನಬಂದಂತೆ ತಿರುಗದು. ಬ್ರಾಡ್‌ಗೇಜಿಗೆ ನಿಯಮದ ಪ್ರಕಾರ ಅತಿ ಬಿಗಿಯಾದ ತಿರುವು 10 ಡಿಗ್ರಿ, ಅಂದರೆ 175 ಮೀಟರ್ ತ್ರಿಜ್ಯ. ಮೀಟರ್‌ಗೇಜಿಗೆ 16 ಡಿಗ್ರಿ, 109 ಮೀಟರ್. ನ್ಯಾರೋಗೇಜಿಗೆ 40 ಡಿಗ್ರಿ, 44 ಮೀಟರ್. ಬಾಗಿದ ಕಾಂಪೌಂಡ್ ಗೋಡೆಯ ಅಥವಾ ನಿವೇಶನದ ಗಡಿಯ ಮೇಲೆ 60 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ, ಅವೆರಡರ ನಡುವೆ ನೇರ ಗೆರೆ ಎಳೆಯಿರಿ. ಗೆರೆಯ ಮಧ್ಯದಿಂದ ಬಾಗಿನವರೆಗಿನ ದೂರ 2.6 ಮೀಟರ್ ಇದ್ದರೆ ಅದು 175 ಮೀಟರಿನ ತಿರುವು, 4.2 ಮೀಟರ್ ಇದ್ದರೆ 109 ಮೀಟರಿನದು. 4.2ಕ್ಕಿಂತ ಹೆಚ್ಚು ಬಂದರೆ ಅಲ್ಲಿ ಬ್ರಾಡ್‌ಗೇಜ್ ಅಥವಾ ಮೀಟರ್‌ಗೇಜ್ ವ್ಯಾಗನ್ ಹೋಗಿರುವ ಸಾಧ್ಯತೆ ಕಡಿಮೆ. ನ್ಯಾರೋಗೇಜೋ ಟ್ರಾಲಿ ಹಳಿಯೋ ಬರೀ ರಸ್ತೆಯ ಮೂಲೆಯೋ ಇದ್ದೀತು.

ಸ್ಥಳಕ್ಕೆ ಹೋದಾಗ ಹಳಿಯ ತುಂಡು ಸಿಕ್ಕರೆ ತಂತಿ ಬ್ರಷ್ಷಿನಿಂದ ಅದರ ಸೊಂಟದ ಭಾಗದ ತುಕ್ಕು ತೆಗೆದು, ಸೀಮೆಸುಣ್ಣವನ್ನು ಅಡ್ಡ ಹಿಡಿದು ಉಜ್ಜಿ. ಇಳಿಬಿಸಿಲಿನಲ್ಲಿ ನೋಡಿದರೆ ಉಬ್ಬಕ್ಷರಗಳು ಎದ್ದು ಬರುತ್ತವೆ: ತಯಾರಕರ ಹೆಸರು, ವರ್ಷ, ಗಜಕ್ಕೆ ಎಷ್ಟು ಪೌಂಡು ಎಂಬ ಅಂಕಿ. ‘60ಆರ್’ ಎಂದರೆ ಮೀಟರಿಗೆ ಸುಮಾರು 29.8 ಕೆ.ಜಿ., ‘90ಆರ್’ ಎಂದರೆ 44.6 ಕೆ.ಜಿ. ಈ ವರ್ಷವನ್ನೇ ಸೈಡಿಂಗ್ ಹಾಕಿದ ವರ್ಷ ಎಂದು ಬರೆಯುವುದು ನಾವು ಕಂಡಿರುವ ಅತಿ ಸಾಮಾನ್ಯ ತಪ್ಪು. ಸೈಡಿಂಗಿಗೆ ಹೊಸ ಹಳಿ ಹಾಕುವುದು ಅಪರೂಪ. ಮುಖ್ಯಮಾರ್ಗದಲ್ಲಿ ಸವೆದು ತೆಗೆದದ್ದನ್ನೇ ಇಲ್ಲಿ ಕೂರಿಸುತ್ತಿದ್ದರು. ಆ ವರ್ಷಕ್ಕಿಂತ ಮುಂಚೆ ಆ ತುಂಡು ಅಲ್ಲಿ ಬಂದಿರಲಾರದು ಎಂದಷ್ಟೇ ಹೇಳಬಹುದು. ಇನ್ನು ಬೇಲಿ ಕಂಬ, ತಾರಸಿಯ ತೊಲೆ, ಚರಂಡಿಯ ಅಡ್ಡಪಟ್ಟಿಗಳಲ್ಲಿ ಹಳಿ ಕಂಡರೆ ಅದು ಸಾಕ್ಷಿಯೇ ಅಲ್ಲ, ಗುಜರಿಯಲ್ಲಿ ಯಾರು ಬೇಕಾದರೂ ಕೊಳ್ಳುತ್ತಿದ್ದರು. ಗೋದಾಮಿನ ಮುಂದಿನ ಕಟ್ಟೆಯ ಎತ್ತರ ಮಾತ್ರ ಒಳ್ಳೆಯ ಸುಳಿವು. ಬ್ರಾಡ್‌ಗೇಜ್ ಗೂಡ್ಸ್ ಕಟ್ಟೆ ಹಳಿಯ ಮಟ್ಟದಿಂದ ಒಂದು ಮೀಟರಿಗೆ ತುಸು ಹೆಚ್ಚು, ಮೀಟರ್‌ಗೇಜಿನದು ಅದಕ್ಕಿಂತ ತಗ್ಗು. ಆದರೆ ನೆಲಕ್ಕೆ ಮಣ್ಣು ತುಂಬಿದ್ದರೆ ಮೊದಲು ಬುಡ ಅಗೆದು ನೋಡಬೇಕು.

ನಿವೃತ್ತ ನೌಕರರನ್ನು ‘ರೈಲು ಬರ್ತಿತ್ತಾ?’ ಎಂದು ಕೇಳಿದರೆ ‘ಹೌದು’ ಎನ್ನುತ್ತಾರೆ. ಎಂಜಿನ್ ಮುಂದೆ ಇರುತ್ತಿತ್ತೋ ಹಿಂದಿನಿಂದ ತಳ್ಳುತ್ತಿತ್ತೋ, ಒಂದು ಸಲಕ್ಕೆ ಎಷ್ಟು ವ್ಯಾಗನ್, ಗೇಟಿನ ಬೀಗ ಯಾರು ತೆಗೆಯುತ್ತಿದ್ದರು, ಎಂಜಿನ್ ಹೋದ ಮೇಲೆ ವ್ಯಾಗನ್ನನ್ನು ಗಡಾರಿ ಹಾಕಿ ಮೀಟುತ್ತಿದ್ದವರು ಎಷ್ಟು ಮಂದಿ ಎಂದು ಕೇಳಿ. ಕಣ್ಣಾರೆ ಕಂಡವರಿಗೆ ಇದು ಥಟ್ಟನೆ ನೆನಪಾಗುತ್ತದೆ.

ಈ ಹಳಿಗಳು ಏಕೆ ಸತ್ತವು ಎಂಬುದಕ್ಕೆ ಲಾರಿ ಬಂತು ಎನ್ನುವುದು ಅರ್ಧ ಉತ್ತರ. ಇನ್ನರ್ಧ ವ್ಯಾಗನ್ನಿನ ಉದ್ದದಲ್ಲಿದೆ. ನಾಲ್ಕು ಚಕ್ರದ ಹಳೆಯ ಮುಚ್ಚಿದ ವ್ಯಾಗನ್ ಸುಮಾರು 22 ಟನ್ ಹೊರುತ್ತಿತ್ತು. ಗಿರಣಿಗೆ ಬೇಕಾದಷ್ಟು ಒಂದೋ ಎರಡೋ ವ್ಯಾಗನ್ ತರಿಸಬಹುದಿತ್ತು. 1980ರ ದಶಕದಲ್ಲಿ ರೈಲ್ವೆ ಬಿಡಿ ವ್ಯಾಗನ್ ಬಿಟ್ಟು ಪೂರ್ತಿ ರೇಕಿನ (ಒಂದೇ ಕಡೆಗೆ ಹೋಗುವ ಇಡೀ ಗೂಡ್ಸ್ ಗಾಡಿಯ) ಕಡೆಗೆ ತಿರುಗಿತು. ಬಿಸಿಎನ್ ಎಂಬ ಹೊಸ ಮಾದರಿಯ ಮುಚ್ಚಿದ ವ್ಯಾಗನ್ ಒಂದರ ಉದ್ದ 15.4 ಮೀಟರ್, ಹೊರುವ ಭಾರ 50 ಟನ್ನಿಗೂ ಹೆಚ್ಚು. ಅಂಥ 40 ಸೇರಿದರೆ 600 ಮೀಟರಿಗೂ ಉದ್ದದ ಗಾಡಿ, 2,000 ಟನ್ನಿಗೂ ಹೆಚ್ಚು ಮಾಲು. 150 ಮೀಟರಿನ ಸೈಡಿಂಗ್ ಇರುವ ಪೇಟೆ ನಡುವಿನ ಗಿರಣಿ ಅದನ್ನು ಎಲ್ಲಿ ನಿಲ್ಲಿಸಬೇಕು, ಅಷ್ಟು ಮಾಲನ್ನು ಏನು ಮಾಡಬೇಕು? ಇತ್ತ 1992ರಿಂದ ಗೇಜ್ ಪರಿವರ್ತನೆ ಜೋರಾಯಿತು. ಮುಖ್ಯಮಾರ್ಗ ಬ್ರಾಡ್‌ಗೇಜ್ ಆದ ದಿನವೇ ಅದಕ್ಕೆ ಅಂಟಿಕೊಂಡಿದ್ದ ಮೀಟರ್‌ಗೇಜ್ ಸೈಡಿಂಗ್ ಕಡಿದುಬೀಳುತ್ತಿತ್ತು. ಯಲಹಂಕದಲ್ಲಿ 1984ರಲ್ಲಿ ಶುರುವಾದ ರೈಲ್ವೆ ಗಾಲಿ ಕಾರ್ಖಾನೆಯಂಥವು ಉಳಿದವು, ಏಕೆಂದರೆ ಅವುಗಳ ಮಾಲೇ ರೈಲಿನದು.

ಪಾಯಿಂಟ್, ಸಿಗ್ನಲ್ ಬದಲಾದಂತೆ ತಿದ್ದುಪಡಿಯಾಗುವ ಸ್ಟೇಷನ್ ವರ್ಕಿಂಗ್ ರೂಲ್ಸನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿ ಹೊರಡಿಸುವ ನಿಯಮವಿದೆ. ಹೊಸದು ಬಂದ ದಿನ ಹಳೆಯದು ಸ್ಟೇಷನ್ನಿನಲ್ಲಿ ಇರಬಾರದು. ಗಾಡಿ ಓಡಿಸುವವರಿಗೆ ಗೊಂದಲವಾಗಬಾರದೆಂಬ ಸರಿಯಾದ ಕಾರಣಕ್ಕೆ. ಇತಿಹಾಸಕ್ಕೆ ಬೇಕಾದ ಪುಸ್ತಿಕೆ ಕಳೆದುಹೋಗುವುದು ಹೀಗೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ 1892ಕ್ಕೆ ಮೊದಲಿನ ದಾಖಲೆಗಳನ್ನು, ಬಳಸಲಾಗದಷ್ಟು ಹಾಳಾಗಿದ್ದರ ಹೊರತು, ನಾಶಪಡಿಸಬಾರದೆಂದು ಹೇಳುತ್ತದೆ. ಆದರೆ ನಮಗೆ ಬೇಕಾದವು ಹೆಚ್ಚಿನವು 1950ರಿಂದ 1990ರ ನಡುವಿನವು, ಅವುಗಳಿಗೆ ಆ ಕಾವಲಿಲ್ಲ. ಮೈಸೂರಿನಲ್ಲಿ 1979ರಿಂದ, ಹುಬ್ಬಳ್ಳಿಯಲ್ಲಿ 2020ರಿಂದ ರೈಲ್ವೆ ವಸ್ತುಸಂಗ್ರಹಾಲಯಗಳಿವೆ. ಎಂಜಿನ್, ಬೋಗಿಗಳನ್ನು ಅಲ್ಲಿ ಚೆನ್ನಾಗಿ ಕಾಪಾಡಿದ್ದಾರೆ. ರದ್ದಾದ ಪ್ರತಿ ವರ್ಕಿಂಗ್ ರೂಲ್ಸಿನ ಒಂದು ಪ್ರತಿ, ಮುಚ್ಚಿದ ಪ್ರತಿ ಸೈಡಿಂಗಿನ ಒಪ್ಪಂದ ಮತ್ತು ನಕ್ಷೆ ಈ ಎರಡರಲ್ಲಿ ಒಂದು ಕಡೆ ಸೇರಬೇಕೆಂದು ನೈಋತ್ಯ ರೈಲ್ವೆ ಒಂದು ಸುತ್ತೋಲೆ ಹೊರಡಿಸಲಿ ಎಂದು ಕೋರುತ್ತೇವೆ. ಹತ್ತಿ, ಕಬ್ಬಿಣ, ಧಾನ್ಯದ ಹಳೆಯ ಮಂಡಿ, ಅಂಗಡಿಗಳ ಮನೆಯವರು ಅಟ್ಟದ ಮೇಲಿನ ಆರ್‌ಆರ್ ಕಟ್ಟುಗಳನ್ನು ರದ್ದಿಗೆ ಹಾಕುವ ಮುನ್ನ ಎರಡೂ ಬದಿಯ ಫೋಟೊ ತೆಗೆದಿಡಲಿ. ದಾರದಿಂದ ಪೋಣಿಸಿದ ಕಟ್ಟಾಗಿದ್ದರೆ ಬಿಡಿಸಬೇಡಿ. ಅವು ಬಂದ ಕ್ರಮವೂ ದಾಖಲೆಯ ಭಾಗ.

— ರೈಲ್ವೆ ಇತಿಹಾಸದ ಆಸಕ್ತ ಓದುಗರು, ಬೆಂಗಳೂರು